ಹತ್ತೂ ಹತ್ತರ ಟ್ರಿಪ್ಪಿಗೆ ಹದಿನಾರು ಕೋರು

ಹನುಮಂತಯ್ಯ ಇಪ್ಪತ್ತೆಂಟು ವರ್ಷ ಸಿಟಿ ಬಸ್ಸು ಓಡಿಸಿದ. ಅಷ್ಟೂ ವರ್ಷದಲ್ಲಿ ಕಂಡಕ್ಟರ್ ‘ರೈಟ್’ ಅನ್ನದೆ ಅವನ ಗಾಡಿ ಒಂದು ಗೇಣು ಮುಂದೆ ಹೋದದ್ದಿಲ್ಲ. ಒಮ್ಮೆ ಅತ್ತಿಗುಪ್ಪೆಯಲ್ಲಿ ಚೆಕಿಂಗ್‌ಗೆ ಹತ್ತಿದ ಸಾಹೇಬರೊಬ್ಬರು ಡ್ರೈವರ್ ಸೀಟಿನ ಪಕ್ಕ ನಿಂತು, “ಹೊರಡ್ರೀ, ಯಾರಿಗ್ ಕಾಯ್ತಾ ಇದೀರ?” ಎಂದು ಗದರಿದರು. “ನೀವು ದೊಡ್ಡೋರು ಸಾರ್. ಆದ್ರೆ ಈ ಗಾಡಿಗೆ ರೈಟ್ ಹೇಳೋನು ಮರಿಯಪ್ಪ. ಅವ್ನ್ ಹೇಳ್ಲಿ, ಹೊರಡ್ತೀನಿ,” ಎಂದು ಇವನು ಸ್ಟೀರಿಂಗ್ ಮೇಲೆ ಕೈಯಿಟ್ಟುಕೊಂಡು ಕೂತೇ ಇದ್ದ. ಮಾರನೆಯ ದಿನ ಮೆಮೊ ಬಂತು. ಅದನ್ನು ಮಡಚಿ ಜೇಬಿಗಿಟ್ಟುಕೊಂಡ, ಬುದ್ಧಿ ಮಾತ್ರ ಬದಲಾಗಲಿಲ್ಲ.

ಮರಿಯಪ್ಪ ಅವನ ಬಸ್ಸಿನ ಕಂಡಕ್ಟರ್. ಕೆಂಗೇರಿಯಿಂದ ರಾಜಾಜಿನಗರಕ್ಕೆ ಬೆಳಿಗ್ಗೆ ಹತ್ತೂ ಹತ್ತಕ್ಕೆ ಹೊರಡುವ ಟ್ರಿಪ್ಪಿನಲ್ಲಿ ಇಬ್ಬರೂ ಹದಿನೇಳು ವರ್ಷ ಜೋಡಿಯಾಗಿ ದುಡಿದರು. ಜನ ಕಿಕ್ಕಿರಿದು ಬಾಯಿಮಾತು ಕೇಳಿಸದಿದ್ದಾಗ ಮರಿಯಪ್ಪ ಟಿಕೆಟ್ ಪಂಚಿನಿಂದ ಕಂಬಿಗೆ ಬಡಿಯುತ್ತಿದ್ದ. ಎರಡು ಪೆಟ್ಟು ಬಿದ್ದರೆ ಹೊರಡು, ಒಂದು ಬಿದ್ದರೆ ನಿಲ್ಲಿಸು. ನಿಲ್ಲಿಸುವ ಪೆಟ್ಟು ಕೇಳಿಸದೆ ಬಸ್ಸು ಸ್ಟಾಪು ದಾಟಿದರೆ “ಹೋಲ್ಡಾನ್!” ಎಂದು ಒಂದು ಕೂಗು. ಆ ಕೂಗಿಗೆ ನಿದ್ದೆ ಹೊಡೆಯುತ್ತಿದ್ದ ಪ್ಯಾಸೆಂಜರುಗಳೆಲ್ಲ ಬೆಚ್ಚಿ ಕಣ್ಣು ಬಿಡುತ್ತಿದ್ದರು.

ಅಂಥ ಗಂಟಲು ಹೋದ ವರ್ಷ ಒಂದೇ ಬೆಳಗಿನಲ್ಲಿ ಮುಚ್ಚಿಹೋಯಿತು. ಮರಿಯಪ್ಪನಿಗೆ ಸ್ಟ್ರೋಕ್ ಹೊಡೆದು ಬಲಗಡೆ ಸ್ವಾಧೀನ ತಪ್ಪಿತು, ಮಾತು ನಿಂತಿತು. ಬಸವೇಶ್ವರನಗರದ ಮನೆಯಲ್ಲಿ ಕಬ್ಬಿಣದ ಮಂಚದ ಮೇಲೆ ಒರಗಿ ಗೋಡೆ ನೋಡುತ್ತ ಕೂರುವುದೇ ಕೆಲಸವಾಯಿತು. ಹೆಂಡತಿ ಸತ್ಯವತಿ ಊಟ ಮಾಡಿಸುವಳು, ವ್ಯಾಯಾಮ ಮಾಡಿಸುವಳು, ಸಿಟ್ಟು ಬಂದಾಗ ಅಡುಗೆಮನೆಗೆ ಹೋಗಿ ಅಳುವಳು.

ದಾರಿ ಹುಡುಕಿದವಳು ಹನುಮಂತಯ್ಯನ ಮಗಳು ಕವನಾ. ನಾಗರಬಾವಿಯ ಎಂಜಿನಿಯರೊಬ್ಬರ ಆಫೀಸಿನಲ್ಲಿ ಅವಳು ಮನೆಗಳ ನಕ್ಷೆ ಬರೆಯುತ್ತಾಳೆ. ಕಂಪ್ಯೂಟರಿನಲ್ಲಿ ಬಸ್ಸು ಓಡಿಸುವ ಆಟವೊಂದಿದೆ, ಆಡುವವರು ತಮಗೆ ಬೇಕಾದ ರಸ್ತೆ ತಾವೇ ಕಟ್ಟಿಕೊಳ್ಳಬಹುದು. ಕವನಾ ಎಂಟು ತಿಂಗಳು ಭಾನುವಾರಗಳನ್ನೆಲ್ಲ ಸುರಿದು ಅಪ್ಪನ ಹಳೆಯ ರೂಟನ್ನು ಅದರೊಳಗೆ ಕಟ್ಟಿದಳು. ಕೆಂಗೇರಿ, ಜ್ಞಾನಭಾರತಿಯ ಗೇಟು, ನಾಯಂಡಹಳ್ಳಿ, ಅತ್ತಿಗುಪ್ಪೆ, ವಿಜಯನಗರ, ಹೊಸಹಳ್ಳಿ, ಟೋಲ್‌ಗೇಟ್, ಕಡೆಗೆ ರಾಜಾಜಿನಗರ. ಮೇಜಿಗೆ ಬಿಗಿಯುವ ಸ್ಟೀರಿಂಗು, ಕಾಲಿಗೆ ಪೆಡಲು ತಂದುಕೊಟ್ಟಳು. ವಿಡಿಯೊ ಕಾಲ್ ಹಾಕಿ ಆಟದ ಚಿತ್ರವನ್ನು ಮರಿಯಪ್ಪನ ಟೀವಿಗೆ ಕಳಿಸಿದಳು. ಮೊದಲ ದಿನ ಹನುಮಂತಯ್ಯ ಕೆಂಗೇರಿಯಲ್ಲಿ ಎಂಜಿನ್ ಚಾಲೂ ಮಾಡಿ, ಅಭ್ಯಾಸಬಲದಿಂದ ಸುಮ್ಮನೆ ಕಾದ. ಆ ಕಡೆ ಮರಿಯಪ್ಪ ನಿಧಾನಕ್ಕೆ ಎಡಗೈ ಎತ್ತಿ, ಚಮಚದಿಂದ ಮಂಚದ ಕಂಬಿಗೆ ಎರಡು ಪೆಟ್ಟು ಬಡಿದ. ಸತ್ಯವತಿ ಸೆರಗು ಬಾಯಿಗೆ ಒತ್ತಿಕೊಂಡಳು.

ಎರಡು ತಿಂಗಳು ಚೆನ್ನಾಗಿಯೇ ನಡೆಯಿತು. ಆಮೇಲೆ ಕವನಾ ರಸ್ತೆಗೆ ಟ್ರಾಫಿಕ್ ಸೇರಿಸಿದಳು. ಟ್ರಾಫಿಕ್ ಇಲ್ಲದ ಮೈಸೂರು ರಸ್ತೆಯನ್ನು ಯಾರು ತಾನೇ ನಂಬುತ್ತಾರೆ? ಅವಳ ಕಾಲೇಜು ದಿನಗಳ ಮುದಿ ಕಂಪ್ಯೂಟರಿಗೆ ಇದು ಮೀರಿದ ಹೊರೆಯಾಯಿತು. ಇತ್ತ ಆಟ ನಡೆಸಬೇಕು, ಅತ್ತ ಚಿತ್ರ ಕಳಿಸಬೇಕು, ಮರಿಯಪ್ಪನ ಮುಖವನ್ನೂ ತರಿಸಬೇಕು. ಹನುಮಂತಯ್ಯನ ಪರದೆಯಲ್ಲಿ ಬಸ್ಸು ಹೇಗೋ ಓಡುತ್ತಿತ್ತು, ಆದರೆ ಮರಿಯಪ್ಪನ ಟೀವಿಗೆ ಅದು ಹತ್ತು ಸೆಕೆಂಡು ತಡವಾಗಿ ತಲುಪುತ್ತಿತ್ತು. ಇದು ಇಬ್ಬರಿಗೂ ಗೊತ್ತಿರಲಿಲ್ಲ. ಮರಿಯಪ್ಪ ವಿಜಯನಗರ ಕಂಡಾಗ ಒಂದು ಪೆಟ್ಟು ಬಡಿದ. ಅಷ್ಟರಲ್ಲಿ ಬಸ್ಸು ಸ್ಟಾಪು ದಾಟಿಬಿಟ್ಟಿತ್ತು.

“ಏನ್ ಮರಿಯಪ್ಪ, ನಿದ್ದೆ ಮಾಡ್ಬಿಟ್ಯಾ? ಸ್ಟಾಪ್ ಹೋಗಿ ಎಷ್ಟೊತ್ತಾಯ್ತು!” ಎಂದು ಹನುಮಂತಯ್ಯ ನಕ್ಕ.

ಮುಂದಿನ ಸ್ಟಾಪಿನಲ್ಲೂ ಹಾಗೆಯೇ ಆಯಿತು. ಅದರ ಮುಂದಿನದಕ್ಕೆ ಪೆಟ್ಟೇ ಬೀಳಲಿಲ್ಲ. ಮರಿಯಪ್ಪ ಚಮಚ ಕೆಳಗೆ ಬಿಟ್ಟು ಮುಖ ಗೋಡೆಗೆ ತಿರುಗಿಸಿಕೊಂಡಿದ್ದ. ತಡವಾದದ್ದು ಕಂಪ್ಯೂಟರಲ್ಲ, ತನ್ನ ತಲೆ ಎಂದು ಅವನು ತಿಳಿದುಕೊಂಡಿದ್ದ. ಕಂಪ್ಯೂಟರಿನದೇ ತಪ್ಪು ಎಂದು ಕವನಾ ಕಂಡುಹಿಡಿದು ಹೇಳಿದರೂ ಅವನು ನಂಬಲಿಲ್ಲ, ಸಮಾಧಾನಕ್ಕೆ ಹೇಳುತ್ತಾರೆ ಎಂದುಕೊಂಡ. ಮೂರು ವಾರವಾಯಿತು, ವ್ಯಾಯಾಮದ ರಬ್ಬರ್ ಚೆಂಡನ್ನೂ ಮುಟ್ಟಿರಲಿಲ್ಲ. ‘ನಿದ್ದೆ ಮಾಡ್ಬಿಟ್ಯಾ’ ಎಂದು ಕೇಳಿದ್ದಕ್ಕೆ ಹನುಮಂತಯ್ಯ ದಿನವೂ ತನ್ನನ್ನೇ ಬೈದುಕೊಳ್ಳುತ್ತಿದ್ದ.

ಬುಧವಾರ ಸತ್ಯವತಿ ಫೋನ್ ಮಾಡಿದಳು. “ಅಣ್ಣ, ಹೆಂಗೋ ಒಪ್ಸಿದೀನಿ. ಈ ಭಾನುವಾರ ಒಂದ್ಸಲ ಟೀವಿ ಮುಂದೆ ಕೂರಿಸ್ತೀನಿ. ಮತ್ತೆ ಹಂಗೇ ಆದ್ರೆ ಇದೆಲ್ಲಾ ಬೇಡ ಅಣ್ಣ. ಅವ್ರು ಗೋಡೆ ಕಡೆ ತಿರುಗ್ಕೊಂಡು ಅಳೋದನ್ನ ಇನ್ನೊಂದ್ಸಲ ನಂಗ್ ನೋಡಕ್ಕಾಗಲ್ಲ.”

“ಹತ್ತೂ ಹತ್ತಕ್ಕೆ ಹೊರಡ್ತೀನಿ ಅಂತ ಹೇಳಮ್ಮ,” ಎಂದ ಹನುಮಂತಯ್ಯ. ಹೊಸ ಹಲ್ಲು ಕಟ್ಟಿಸಿಕೊಳ್ಳಲೆಂದು ಇಟ್ಟಿದ್ದ ದುಡ್ಡನ್ನು ಬೀರುವಿನಿಂದ ತೆಗೆದ. ಹೆಂಡತಿ ಮುನಿತಾಯಮ್ಮ ನೋಡಿ, “ಚಕ್ಲಿ ಕೇಳ್ಬೇಡಿ ಇನ್ನು ನನ್ನ,” ಎಂದಷ್ಟೇ ಹೇಳಿ ಒಳಗೆ ಹೋದಳು.

ವಿಜಯನಗರದಲ್ಲಿ ಯೋಗಾನಂದನ ಅಂಗಡಿ. ಬಿಡಿಭಾಗ ತಂದು ಕಂಪ್ಯೂಟರ್ ಜೋಡಿಸಿಕೊಡುವುದು ಅವನ ಕಸುಬು. ಹನುಮಂತಯ್ಯ ಮಗಳೊಂದಿಗೆ ಒಳಗೆ ಬಂದವನೇ ಕುರ್ಚಿ ಎಳೆದುಕೊಂಡು, “ನೋಡಪ್ಪ, ಇಪ್ಪತ್ತನಾಲ್ಕು ಕೋರಿಂದು ಪ್ರೊಸೆಸರ್ ಬರ್ತದಂತೆ. ಅದೇ ಕೊಟ್ಬಿಡು,” ಎಂದ. ಅವನ ಲೆಕ್ಕ ಸರಳ. ಸಿಲಿಂಡರ್ ಜಾಸ್ತಿ ಇದ್ದರೆ ಎಂಜಿನ್ ಎಳೆಯುತ್ತದೆ, ಕೋರು ಜಾಸ್ತಿ ಇದ್ದರೆ ಕಂಪ್ಯೂಟರೂ ಎಳೆಯಬೇಕು.

ಯೋಗಾನಂದ ತಕ್ಷಣ ಯಾವುದನ್ನೂ ಮಾರುವ ಆಸಾಮಿಯಲ್ಲ. ಒಂದು ಚೀಟಿ, ಪೆನ್ನು ತೆಗೆದುಕೊಂಡು, “ಒಂದೇ ಟೈಮಲ್ಲಿ ಏನೇನ್ ಓಡ್ಬೇಕು ಸಾರ್?” ಎಂದು ಕೇಳಿದ.

“ಆಟ ಓಡ್ಬೇಕು. ಅದು ಹಂಗೇ ಮರಿಯಪ್ಪನ ಟೀವಿಗೂ ಹೋಗ್ಬೇಕು. ಅವನ ಮುಖ ನಂಗ್ ಕಾಣ್ಬೇಕು, ಅವನು ಬಡಿಯೋದು ನಂಗ್ ಕೇಳ್ಬೇಕು.”

“ಇದ್ರಲ್ಲಿ ಯಾವ್ದು ಸ್ವಲ್ಪ ನಿಧಾನ ಆದ್ರೆ ನಡೆಯತ್ತೆ?”

“ಯಾವ್ದೂ ಆಗ್ಬಾರ್ದು.”

ಯೋಗಾನಂದ ಪೆನ್ನು ಕೆಳಗಿಟ್ಟ. “ಹಂಗಾದ್ರೆ ಇಪ್ಪತ್ತನಾಲ್ಕರದು ಬೇಡ. ಕೋರು ಅಂದ್ರೆ ಕೆಲಸದಾಳು ಅಂದ್ಕೊಳಿ. ನಿಮ್ಮ ಬಸ್ಸಿನಾಟಕ್ಕೆ ಆಳು ಜಾಸ್ತಿ ಬೇಡ. ಇರೋ ನಾಲ್ಕೈದು ಜನಕ್ಕೆ ಬೇಕಾದ ಸಾಮಾನು ಕೈಗೆ ಸಿಗೋ ಹಾಗೆ ಇರ್ಬೇಕು. ಒಲೆ ಪಕ್ಕ ಮಸಾಲೆ ಡಬ್ಬಿ ಇದ್ದಂಗೆ. ಪ್ರತಿ ಸಲ ಅಂಗಡಿಗೆ ಹೋಗಿ ಸಾಸಿವೆ ತರೋದಾದ್ರೆ ಒಗ್ಗರಣೆ ಯಾವಾಗ ಹಾಕೋದು? ಆ ಡಬ್ಬಿಗೆ ಕ್ಯಾಶ್ ಅಂತೀವಿ. ಇಲ್ನೋಡಿ, ಎಂಟು ಕೋರಿಂದು. ಡಬ್ಬಿ ದೊಡ್ಡದು. ಬರೀ ಆಟಕ್ಕೆ ಇದೇ ರಾಜ.”

“ಬರೀ ಆಟ ಅಲ್ವಲ್ಲಣ್ಣ,” ಎಂದಳು ಕವನಾ. “ವಿಡಿಯೊ ಕಳ್ಸೋ ಕೆಲಸಾನೂ ಆ ಎಂಟು ಜನರ ತಲೆ ಮೇಲೇ ಬಿದ್ರೆ?”

“ಅಲ್ಲೇ ಇರೋದು ಕಷ್ಟ,” ಎಂದು ಯೋಗಾನಂದ ಒಪ್ಪಿಕೊಂಡ. ಮೂರನೆಯ ಡಬ್ಬವೊಂದನ್ನು ಕೆಳಗಿಳಿಸಿದ. “ಹದಿನಾರು ಕೋರು. ಎಂಟಕ್ಕೆ ದೊಡ್ಡ ಡಬ್ಬಿ, ಇನ್ನೆಂಟಕ್ಕೆ ಮಾಮೂಲಿ. ಆಟ ಈ ಕಡೆಯೋರು ನೋಡ್ಕೋತಾರೆ, ಮಿಕ್ಕಿದ್ದೆಲ್ಲಾ ಆ ಕಡೆಯೋರು. ಇವ್ರ ಕೆಲಸಕ್ಕೆ ಅವ್ರು ಕೈ ಹಾಕಲ್ಲ.”

ಹನುಮಂತಯ್ಯ ಡಬ್ಬವನ್ನು ಕೈಯಲ್ಲಿ ತಿರುಗಿಸಿದ. ಡ್ರೈವರ್ ಕೆಲಸ ಡ್ರೈವರಿಗೆ, ಕಂಡಕ್ಟರ್ ಕೆಲಸ ಕಂಡಕ್ಟರಿಗೆ. ಇದು ಅವನಿಗೆ ಅರ್ಥವಾಗುವ ಮಾತು. “ಬಿಸಿ ಏರ್ತದಾ?” ಎಂದು ಕೇಳಿದ.

“ಏರತ್ತೆ. ದೊಡ್ಡ ಫ್ಯಾನ್ ಹಾಕ್ತೀನಿ. ತೊಂಬತ್ತೈದು ಡಿಗ್ರಿ ಮುಟ್ಟಿದ್ರೆ ತಾನಾಗೇ ನಿಧಾನ ಮಾಡ್ಕೊಳತ್ತೆ, ಸುಟ್ಟೋಗಲ್ಲ. ಭಯ ಬೇಡ.”

ನಿಧಾನ ಎಂಬ ಪದ ಕಿವಿಗೆ ಬಿದ್ದದ್ದೇ ಹನುಮಂತಯ್ಯ ಡಬ್ಬ ತಿರುಗಿಸುವುದನ್ನು ನಿಲ್ಲಿಸಿದ. ಪ್ರೊಸೆಸರ್ ಸುಟ್ಟರೂ ಚಿಂತೆಯಿರಲಿಲ್ಲ, ನಿಧಾನವಾಗಬಾರದಿತ್ತು.

ಯೋಗಾನಂದ ಅಂಗಡಿಯಲ್ಲೇ ಜೋಡಿಸಿ ಕಳಿಸುತ್ತೇನೆಂದ. ಹನುಮಂತಯ್ಯ ಸುತರಾಂ ಒಪ್ಪಲಿಲ್ಲ. ಡಿಪೊದಲ್ಲಿ ತನ್ನ ಬಸ್ಸಿಗೆ ಎಂಜಿನ್ ಕೂರಿಸುವಾಗಲೆಲ್ಲ ಎದುರಿಗೆ ನಿಂತು ನೋಡಿದವನು ಅವನು, ಮನೆಗೇ ಬಂದು ಜೋಡಿಸಬೇಕೆಂದು ಹಟ ಹಿಡಿದ. ಭಾನುವಾರ ಬೆಳಿಗ್ಗೆ ಎಂಟಕ್ಕೆ ಎಂದು ಮಾತಾಯಿತು, ಪ್ರೊಸೆಸರಿನ ಡಬ್ಬವನ್ನು ಮಾತ್ರ ಹನುಮಂತಯ್ಯ ಆಗಲೇ ಮನೆಗೆ ತಂದ. ಹಟದ ಹಿಂದಿನ ನಿಜವಾದ ಕಾರಣವನ್ನು ಅವನು ಮಗಳಿಗೂ ಹೇಳಲಿಲ್ಲ.

ಕಾರಣ ಇಷ್ಟೇ. ಹೊಸ ಗಾಡಿಯನ್ನು ಪೂಜೆ ಮಾಡದೆ ಅವನು ಎಂದೂ ರಸ್ತೆಗಿಳಿಸಿದವನಲ್ಲ. ಸ್ಟೀರಿಂಗಿಗೆ ಕುಂಕುಮ, ಎಂಜಿನ್ನಿಗೆ ಅರಿಶಿನ, ಚಕ್ರಕ್ಕೆ ನಿಂಬೆಹಣ್ಣು. ಶುಕ್ರವಾರ ಸಂಜೆ ಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ದೇವರ ಮುಂದೆ ಕೂತು, ಡಬ್ಬದ ಸೀಲು ಬಿಚ್ಚಿ, ಬಿಸ್ಕತ್ತಿನಷ್ಟು ಗಾತ್ರದ ಆ ಪ್ರೊಸೆಸರನ್ನು ತಟ್ಟೆಯಲ್ಲಿಟ್ಟ. ಮೇಲೆ ಕುಂಕುಮವಿಟ್ಟ. ತಿರುಗಿಸಿದರೆ ಕೆಳಗೆಲ್ಲ ಸಣ್ಣ ಸಣ್ಣ ಬಂಗಾರದ ಚುಕ್ಕೆಗಳು ಮಿನುಗುತ್ತಿದ್ದವು. ಇದೇ ಮುಖವಿರಬೇಕು ಎಂದುಕೊಂಡು ಅಲ್ಲಿಗೂ ಅರಿಶಿನ, ಕುಂಕುಮ ಇಟ್ಟ, ಧಾರಾಳವಾಗಿಯೇ. ಆರತಿ ಎತ್ತಿ, ಕಣ್ಣಿಗೊತ್ತಿಕೊಂಡು, “ಮರಿಯಪ್ಪನ ಕೈಗೆ ಬಲ ಕೊಡಪ್ಪ,” ಎಂದು ಬೇಡಿಕೊಂಡ. ಮಗಳು ನೋಡಿದರೆ ನಗುತ್ತಾಳೆಂದು ಟವಲಿನಿಂದ ಒರೆಸಿ, ಇದ್ದ ಹಾಗೆ ಡಬ್ಬದಲ್ಲಿಟ್ಟ.

ಭಾನುವಾರ ಯೋಗಾನಂದ ಬಂದಾಗ ಎಂಟೂ ಕಾಲು. “ಸೀಲ್ ಯಾರ್ ಬಿಚ್ಚಿದ್ದು?” ಎಂದು ಕೇಳಿದ. “ಹೆಂಗೈತೆ ನೋಡನ ಅಂತ ನಾನೇ,” ಎಂದ ಹನುಮಂತಯ್ಯ. ಬೆಳಕು ಸಾಲದ ಆ ಕೋಣೆಯಲ್ಲಿ, ಅವಸರದಲ್ಲಿ, ಯೋಗಾನಂದ ಪ್ರೊಸೆಸರನ್ನು ಅಂಚಿನಲ್ಲಿ ಹಿಡಿದು ಬೋರ್ಡಿನ ಮೇಲಿಟ್ಟು ಚಿಲಕ ಹಾಕಿದ. ಬಿಸಿ ಎಳೆಯುವ ಪೇಸ್ಟ್ ಹಚ್ಚಿ ಫ್ಯಾನ್ ಬಿಗಿದು, ವೈರುಗಳನ್ನೆಲ್ಲ ಸಿಕ್ಕಿಸಿ ಗುಂಡಿ ಒತ್ತುವಾಗ ಒಂಬತ್ತೂ ಹತ್ತು.

ಫ್ಯಾನುಗಳು ತಿರುಗಿದವು, ಪರದೆ ಮಾತ್ರ ಕಪ್ಪಾಗಿಯೇ ಉಳಿಯಿತು. ಬೋರ್ಡಿನ ಮೂಲೆಯಲ್ಲಿ ಸಣ್ಣದೊಂದು ಕೆಂಪು ದೀಪ ಹತ್ತಿತು, ಆರಲಿಲ್ಲ.

ಯೋಗಾನಂದ ಆರಿಸಿ ಮತ್ತೆ ಹಚ್ಚಿದ. ಮೆಮೊರಿಯ ಪಟ್ಟಿಗಳನ್ನು ತೆಗೆದು ಹಾಕಿದ. ವೈರು ಬದಲಾಯಿಸಿದ. ಒಂಬತ್ತೂ ಇಪ್ಪತ್ತೈದಾಯಿತು. “ಪ್ರೊಸೆಸರ್ ತಗೋತಾ ಇಲ್ಲ ಅಂತ ಈ ದೀಪದ ಅರ್ಥ,” ಎಂದು ಗೊಣಗಿದ. “ಹೊಸ ಪ್ರೊಸೆಸರ್ ಹಂಗೆಲ್ಲಾ ಕೆಡಲ್ಲ. ಬೋರ್ಡೇ ಹೋಗಿರ್ಬೇಕು. ನಾನು ಅಂಗಡಿಗೆ ಹೋಗಿ ಬೇರೆ ತಂದ್ರೆ ಹನ್ನೊಂದೂವರೆ ಆಗತ್ತೆ ಸಾರ್. ನಿಮ್ಮ ಟೈಮಿಗಾಗಲ್ಲ.”

ಹನುಮಂತಯ್ಯ ಬಾಗಿಲಿಗೆ ಒರಗಿ ನಿಂತಿದ್ದ. ಕೊರಳಲ್ಲಿದ್ದ ಟವಲಿನ ಅಂಚಿನಲ್ಲಿ ಶುಕ್ರವಾರದ ಕೆಂಪು ಇನ್ನೂ ಇತ್ತು. ಅದನ್ನು ಅಂಗೈಯಲ್ಲಿ ಮುಚ್ಚಿಕೊಂಡ. ಹೇಳಿದರೆ ಮಗಳೆದುರು ಮಾನ ಹೋಗುತ್ತದೆ. ಎಂಟು ತಿಂಗಳು ಅವಳು ಕಟ್ಟಿದ ರಸ್ತೆಯನ್ನು ಅಪ್ಪನ ಪೂಜೆ ಕೆಡಿಸಿತು ಎಂದಾಗುತ್ತದೆ. ಹೇಳದಿದ್ದರೆ ಬೋರ್ಡಿನ ಮೇಲೆ ತಪ್ಪು ಹೋಗುತ್ತದೆ, ಬೋರ್ಡಿಗೇನು ಬಾಯಿಯಿದೆಯೇ? ಇಪ್ಪತ್ತೆಂಟು ವರ್ಷದಲ್ಲಿ ಒಂದು ಸಣ್ಣ ಗೀರು ಬಿದ್ದರೂ ತಾನೇ ಡಿಪೊದಲ್ಲಿ ಬರೆಸಿದವನು ಅವನು. ಗೋಡೆಗೆ ಮುಖ ಮಾಡಿದ ಮರಿಯಪ್ಪ ಕಣ್ಣಮುಂದೆ ಬಂದ. ಅವನೂ ಹೀಗೆಯೇ ಯಾರದೋ ತಪ್ಪನ್ನು ತಲೆಯ ಮೇಲೆ ಹೊತ್ತು ಕೂತಿದ್ದಾನಲ್ಲವೇ?

“ಯೋಗಾನಂದ,” ಎಂದ. ಅಂಗೈ ಬಿಚ್ಚಿ ಟವಲಿನ ಕೆಂಪು ತೋರಿಸಿದ. “ಬೋರ್ಡ್ ಸರಿಯಾಗೈತೆ ಕಣಪ್ಪ. ನಾನು ಅದಕ್ಕೆ ಪೂಜೆ ಮಾಡ್ದೆ.”

“ಮಾಡಿದ್ರೇನಾಯ್ತು ಸಾರ್?”

“ಅಡಿಗೂ ಕುಂಕುಮ ಇಟ್ಟೆ. ಬಂಗಾರದ ಚುಕ್ಕೆ ಮೇಲೆ.”

ಕವನಾ ಅಪ್ಪನ ಮುಖ ನೋಡಿದಳು, ಮೇಜಿನ ಮೇಲಿದ್ದ ಸ್ಕ್ರೂಡ್ರೈವರ್ ಎತ್ತಿ ಯೋಗಾನಂದನ ಕೈಗಿಟ್ಟಳು. ಯೋಗಾನಂದ ಕರೆಂಟು ತೆಗೆದು ಫ್ಯಾನ್ ಬಿಚ್ಚತೊಡಗಿದ.

ಪ್ರೊಸೆಸರ್ ಎತ್ತಿ ತಿರುಗಿಸಿದರೆ ಚುಕ್ಕೆಗಳ ಸಂದಿಯಲ್ಲೆಲ್ಲ ಕೆಂಪು. ಅದನ್ನು ಸ್ಪಿರಿಟಿನಿಂದ ಒರೆಸುವುದು ಕಷ್ಟವಾಗಲಿಲ್ಲ. ಕಷ್ಟವಿದ್ದದ್ದು ಬೋರ್ಡಿನಲ್ಲಿ. ಪ್ರೊಸೆಸರ್ ಕೂರುವ ಜಾಗದಲ್ಲಿ ಕೂದಲಿನಷ್ಟು ತೆಳ್ಳಗಿನ ಸಾವಿರಾರು ಮುಳ್ಳುಗಳಿದ್ದವು, ಅವುಗಳ ನಡುವೆಯೂ ಪುಡಿ ಉದುರಿತ್ತು. “ಒಂದೇ ಒಂದು ಮುಳ್ಳು ಬಗ್ಗಿದ್ರೂ ಬೋರ್ಡ್ ಕಸಕ್ಕೆ,” ಎಂದ ಯೋಗಾನಂದ. ಕವನಾ ಮೊಬೈಲಿನ ಟಾರ್ಚು ಹಿಡಿದಳು. ಅವನು ಉಸಿರು ಬಿಗಿಹಿಡಿದು ಬ್ಲೋವರ್‌ನಿಂದ ಒಂದೊಂದೇ ಸಲ ಗಾಳಿ ಊದಿದ, ಭೂತಗನ್ನಡಿ ಹಿಡಿದು ನೋಡಿದ, ಮತ್ತೆ ಊದಿದ. ಕೊನೆಗೆ ಉಳಿದ ಒಂದು ಕಣ ಏನು ಮಾಡಿದರೂ ಹೋಗಲಿಲ್ಲ. ಬ್ರಷ್ಷಿನ ಒಂದೇ ಒಂದು ಎಳೆಯನ್ನು ಸ್ಪಿರಿಟಿನಲ್ಲಿ ಅದ್ದಿ ಅವನು ಅದನ್ನು ಮುಟ್ಟುವಾಗ ಹನುಮಂತಯ್ಯ ನೋಡಲಾಗದೆ ಹೊರಗೆ ಹೋದ. ವರಾಂಡದಲ್ಲಿ ನಿಂತು ಗಡಿಯಾರ ನೋಡಿದ. ಒಂಬತ್ತೂ ಐವತ್ತು.

ಒಳಗಿನಿಂದ ಕರೆ ಬಂದಾಗ ಹತ್ತಕ್ಕೆ ಮೂರು ನಿಮಿಷವಿತ್ತು. ಗುಂಡಿ ಒತ್ತಿದ್ದಾಗಿತ್ತು. ಕೆಂಪು ದೀಪ ಹತ್ತಿ, ಆರಿ, ಪಕ್ಕದ ಹಳದಿ ದೀಪ ಹತ್ತಿತು. ಪರದೆ ಇನ್ನೂ ಕಪ್ಪು.

“ಈಗೇನಾಯ್ತು?”

“ಕಾಯ್ಬೇಕು ಸಾರ್. ಹೊಸ ಬೋರ್ಡು ಮೊದಲನೇ ಸಲ ಮೆಮೊರಿ ಪರಿಚಯ ಮಾಡ್ಕೊಳತ್ತೆ. ಒಂದೆರಡು ನಿಮಿಷ.”

ಆ ಒಂದೆರಡು ನಿಮಿಷದಲ್ಲಿ ಹನುಮಂತಯ್ಯ ತನಗೆ ಗೊತ್ತಿದ್ದ ದೇವರುಗಳನ್ನೆಲ್ಲ ನೆನೆದ. ಕುಂಕುಮದ ಆಸೆ ತೋರಿಸುವ ಧೈರ್ಯ ಮಾತ್ರ ಬರಲಿಲ್ಲ. ಪರದೆಯ ಮೇಲೆ ಬೆಳಕು ಮೂಡಿತು. ಕವನಾ ಹಳೆಯ ಕಂಪ್ಯೂಟರಿನ ಡಿಸ್ಕನ್ನು ಮೊದಲೇ ಇದಕ್ಕೆ ಸಿಕ್ಕಿಸಿದ್ದಳು. ಅವಳ ಬೆರಳುಗಳು ಕೀಲಿಗಳ ಮೇಲೆ ಓಡಿದವು, ಆಟ ತೆರೆಯಿತು, ಕಾಲ್ ಹೋಯಿತು. ಹತ್ತೂ ಒಂಬತ್ತಕ್ಕೆ ಪರದೆಯ ಮೂಲೆಯಲ್ಲಿ ಮರಿಯಪ್ಪನ ಮುಖ ಬಂತು. ಅವನು ಟೀವಿಯ ಕಡೆ ನೋಡುತ್ತಿರಲಿಲ್ಲ. ಸತ್ಯವತಿ ಅವನ ಎಡಗೈಗೆ ಚಮಚ ಕೊಟ್ಟಿದ್ದಳು, ಅದು ಮಡಿಲಲ್ಲಿ ಬಿದ್ದಿತ್ತು.

ಹನುಮಂತಯ್ಯ ಎಂಜಿನ್ ಚಾಲೂ ಮಾಡಿ ಕಾದ. ಹತ್ತೂ ಹತ್ತಾಯಿತು, ಹತ್ತೂ ಹನ್ನೊಂದೂ ಆಯಿತು. ಹದಿನೇಳು ವರ್ಷದಲ್ಲಿ ಆ ಟ್ರಿಪ್ಪು ಇಷ್ಟು ಲೇಟಾಗಿ ಹೊರಟದ್ದಿಲ್ಲ. ಮರಿಯಪ್ಪನಿಗೂ ಅದು ಗೊತ್ತಿತ್ತೆಂದು ಕಾಣುತ್ತದೆ. ಗೋಡೆಯ ಗಡಿಯಾರ ನೋಡಿದ, ಟೀವಿ ನೋಡಿದ, ಬೇಸರದಿಂದ ಚಮಚ ಎತ್ತಿ ಎರಡು ಪೆಟ್ಟು ಬಡಿದ. ಬಸ್ಸು ಹೊರಟಿತು.

ಜ್ಞಾನಭಾರತಿಯ ಗೇಟಿನಲ್ಲಿ ಒಂದು ಪೆಟ್ಟು. ಬಸ್ಸು ಆ ಕ್ಷಣಕ್ಕೇ ನಿಂತಿತು. ಮರಿಯಪ್ಪನ ಹುಬ್ಬು ಮೇಲೇರಿತು. ನಾಯಂಡಹಳ್ಳಿಯಲ್ಲಿ ಲಾರಿ, ಆಟೊ, ಕಾರುಗಳ ಜಾತ್ರೆಯ ನಡುವೆ ಒಂದು ಪೆಟ್ಟು, ಅಲ್ಲೂ ಸರಿಯಾಗಿ ನಿಂತಿತು. ಅತ್ತಿಗುಪ್ಪೆ ಬರುವಷ್ಟರಲ್ಲಿ ಅವನು ದಿಂಬು ಬಿಟ್ಟು ಮುಂದಕ್ಕೆ ಬಾಗಿದ್ದ. ಹನುಮಂತಯ್ಯನಿಗೆ ಇದಾವುದನ್ನೂ ಸವಿಯುವ ಸಮಾಧಾನವಿರಲಿಲ್ಲ. ಅವನ ಕಣ್ಣೆಲ್ಲ ಪರದೆಯ ಮೇಲಿನ ಮೂಲೆಯಲ್ಲಿ ಪ್ರೊಸೆಸರಿನ ಬಿಸಿ ತೋರಿಸುವ ಅಂಕಿಯ ಮೇಲಿತ್ತು. ಎಪ್ಪತ್ತೆಂಟು, ಎಂಬತ್ತೆರಡು. ಬೇಸಿಗೆಯಲ್ಲಿ ರೇಡಿಯೇಟರ್ ಕುದಿದು ನಡುರಸ್ತೆಯಲ್ಲಿ ನಿಂತ ದಿನಗಳ ಭಯವೆಲ್ಲ ಆ ಅಂಕಿಯಲ್ಲಿ ಬಂದು ಕೂತಿತ್ತು. ವಿಜಯನಗರ ಬಿಟ್ಟಾಗ ಎಂಬತ್ತೆಂಟು. ತೊಂಬತ್ತೈದಾದರೆ ನಿಧಾನ. ನಿಧಾನವಾದರೆ ಮರಿಯಪ್ಪ ಮತ್ತೆ ಗೋಡೆಗೆ. ಎಂಬತ್ತೊಂಬತ್ತು...

ಪೆಟ್ಟು ಬಿತ್ತು. ಅವನಿಗೆ ಕೇಳಿಸಲಿಲ್ಲ. ಹೊಸಹಳ್ಳಿ ಸ್ಟಾಪಿನಲ್ಲಿ ಕವನಾ ನಿಲ್ಲಿಸಿದ್ದ ಹಸಿರು ಸೀರೆಯ ಗೊಂಬೆಯ ಮುಂದೆಯೇ ಬಸ್ಸು ಸಾಗಿಹೋಯಿತು.

“ಹೋ... ಡಾನ್!”

ಕಾಲು ತಾನಾಗಿಯೇ ಬ್ರೇಕಿನ ಮೇಲೆ ಬಿತ್ತು. ದನಿ ಒಡೆದಿತ್ತು, ನಡುವಿನ ಅಕ್ಷರ ನುಂಗಿಹೋಗಿತ್ತು, ಆದರೆ ಕೂಗು ಅದೇ. ಆ ಕಡೆ ಸತ್ಯವತಿಯ ಕೈಯಿಂದ ಲೋಟ ಜಾರಿ ಬಿದ್ದ ಸದ್ದಾಯಿತು. ಮರಿಯಪ್ಪ ಕೆಂಡಾಮಂಡಲವಾಗಿ ಟೀವಿಯ ಕಡೆ ಚಮಚ ತೋರಿಸುತ್ತಿದ್ದ. ತಡವಾದದ್ದು ತಾನಲ್ಲ, ಡ್ರೈವರು ಎಂಬುದರಲ್ಲಿ ಅವನಿಗೆ ಈಗ ಅನುಮಾನವಿರಲಿಲ್ಲ.

“ತಪ್ಪಾಯ್ತು ಕಣೋ ಮರಿಯಪ್ಪ,” ಎಂದ ಹನುಮಂತಯ್ಯ. ಪರದೆ ಮಂಜಾಗಿತ್ತು, ಟವಲಿನಿಂದ ಕಣ್ಣೊರೆಸಿಕೊಂಡ. “ತಪ್ಪು ನಂದೇ. ಅವತ್ತೂ ನಂದೇ.”

ಹಸಿರು ಸೀರೆಯ ಗೊಂಬೆ ಹಿಂದಿನಿಂದ ನಡೆದು ಬಂದು ಬಸ್ಸು ಹತ್ತಿತು. ಕವನಾ ಕೈ ಚಾಚಿ ಆ ಬಿಸಿಯ ಅಂಕಿಯನ್ನು ಪರದೆಯಿಂದ ತೆಗೆದುಹಾಕಿದಳು.

ಬಸ್ಸು ನಿಂತೇ ಇತ್ತು. ಹಿಂದೆ ಗಾಡಿಗಳು ಹಾರ್ನ್ ಹೊಡೆಯತೊಡಗಿದವು. “ಮಿಷಿನ್ ಸರಿಯಾಗೇ ಇದೆ ಸಾರ್,” ಎಂದು ಯೋಗಾನಂದ ಹಿಂದಿನಿಂದ ಮೆಲ್ಲಗೆ ಹೇಳಿದ. “ಯಾಕೆ ನಿಂತ್ರಿ? ಹೊರಡಿ.”

ಹನುಮಂತಯ್ಯ ಸ್ಟೀರಿಂಗ್ ಮೇಲೆ ಕೈಯಿಟ್ಟುಕೊಂಡು ಮೂಲೆಯಲ್ಲಿದ್ದ ಮರಿಯಪ್ಪನ ಮುಖವನ್ನೇ ನೋಡುತ್ತಿದ್ದ.

“ಸುಮ್ನಿರಪ್ಪ,” ಎಂದ. “ಕಂಡಕ್ಟರ್ ಇನ್ನೂ ರೈಟ್ ಹೇಳಿಲ್ಲ.”